ಬಲಗೈಗೆ ಬಿದ್ದ ನಕ್ಷತ್ರಗಳು

ನನ್ನ ತಮ್ಮ ಉತ್ತಯ್ಯ ವಾಲಗಕ್ಕೆ ಕುಣಿಯಲು ಇಳಿದರೆ ಮದುವೆಮನೆಯಲ್ಲಿ ಉಣ್ಣುತ್ತಿದ್ದವರೂ ಎಂಜಲುಗೈಯಲ್ಲೇ ಎದ್ದು ಬರುತ್ತಿದ್ದರು. ಅಕ್ಕ ಅಂತ ಹೊಗಳುತ್ತಿಲ್ಲ, ನಮ್ಮೂರು ಕರಿಕೆಯಲ್ಲಿ ಯಾರನ್ನು ಬೇಕಾದರೂ ಕೇಳಿ. ಡೋಲು ಶುರುವಾದದ್ದೇ ಎರಡೂ ಕೈ ಮೇಲೆತ್ತಿ ಮಣಿಕಟ್ಟು ತಿರುಗಿಸುತ್ತಿದ್ದ. ನಮ್ಮ ಜನ ಕುಣಿಯುವವನ ಕೈ ನೋಡುತ್ತಾರೆ. ಕಾಲು ಹೇಗೆ ಬೀಳುತ್ತದೆ ಅಂತ ಯಾರೂ ಬಗ್ಗಿ ನೋಡುವುದಿಲ್ಲ.

ಕುಣಿತಕ್ಕಿಂತ ಅವನಿಗೆ ಹೆಚ್ಚು ಜಂಬ ಇದ್ದದ್ದು ಏಣಿಯ ಮೇಲೆ. ಸಿಲ್ವರ್ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವ ಏಣಿ ಅಂದರೆ ಒಂದೇ ಒಂದು ಬಿದಿರು, ಗೆಣ್ಣಿನ ಹತ್ತಿರ ಒಂದು ಪಾದ ಊರುವಷ್ಟು ಜಾಗ. ಅದನ್ನು ಅವನು ಬೀಡಿ ಕಚ್ಚಿಕೊಂಡೇ ಹತ್ತುತ್ತಿದ್ದ. ಹೋದ ಮಳೆಗಾಲದಲ್ಲಿ ಸ್ಟ್ರೋಕ್ ಹೊಡೆದು ಎಡಭಾಗ ಸ್ವಾಧೀನ ತಪ್ಪಿತು. ಇನ್ನು ಏಣಿಯ ಆಸೆ ಬಿಟ್ಟುಬಿಡಿ ಅಂದರು ಡಾಕ್ಟರು.

"ಏಣಿ ಹತ್ತಕಾಗದ ಮೇಲೆ ನಾ ಎಂತಕೆ ಇರ್ದು ಅಕ್ಕ?" ಅಂದವನು ಗೋಡೆ ಕಡೆ ತಿರುಗಿ ಮಲಗಿದ. ಕೈ ವ್ಯಾಯಾಮಕ್ಕೆ ಕೊಟ್ಟ ರಬ್ಬರ್ ಚೆಂಡನ್ನು ನಾಯಿಗೆ ಎಸೆದ. ಅವನ ಹೆಂಡತಿ ತಂಗಮ್ಮ ಬೇಡಿದಳು, ಬೈದಳು, ಅತ್ತಳು. ನಾನೂ ಬೈದೆ. ಗೋಡೆಗೆ ಬೈದರೂ ಒಂದೇ, ಅವನಿಗೆ ಬೈದರೂ ಒಂದೇ.

ಅವನ ಮಗ ಪ್ರವೀಣ್ ಒಂದು ಹೋಮ್‌ಸ್ಟೇಗೆ ಜೀಪು ಓಡಿಸುತ್ತಾನೆ. ಅಲ್ಲಿ ಮೂಲೆಗೆ ಹಾಕಿದ್ದ ಹಳೆಯ ವಿಡಿಯೊ ಗೇಮನ್ನು ತನ್ನ ಮಗಳು ಮೋನಿಷಾಳಿಗೆಂದು ತಂದ. ಅದನ್ನು ಟಿವಿಗೆ ಸಿಕ್ಕಿಸಿ, ರಿಮೋಟಿನಂಥದ್ದೊಂದನ್ನು ಬಲಗೈಯಲ್ಲಿ ಹಿಡಿದು, ಟಿವಿಯೊಳಗಿನ ಬೊಂಬೆ ಕುಣಿದ ಹಾಗೆ ಕುಣಿಯಬೇಕು. ಸರಿಯಾಗಿ ಕುಣಿದರೆ ಪರದೆಯ ಮೇಲೆ ನಕ್ಷತ್ರ ಬೀಳುತ್ತದೆ.

ಆ ಹಾಳು ಪೆಟ್ಟಿಗೆಯ ಉಪಕಾರವನ್ನು ಇಲ್ಲ ಅನ್ನಲಾರೆ. ನಮ್ಮ ಯಾರಿಂದಲೂ ಆಗದ್ದನ್ನು ಅದು ಮಾಡಿತು. ಮೊಮ್ಮಗಳ ಕುಣಿತ ನೋಡುತ್ತಾ ಮಲಗಿದ್ದವನು ಒಂದು ಸಂಜೆ ಎದ್ದು ಕೂತು, "ಥೂ, ಆ ಬೊಂಬೆಗೆ ಕೈ ತಿರುಗಿಸಕೆ ಗೊತ್ತಿಲ್ಲೆ, ಕೊಡಿಲ್ಲಿ" ಅಂದ. ಕುರ್ಚಿಗೆ ಎಡಸೊಂಟ ಆನಿಸಿ ನಿಂತ. ಅಂದಿನಿಂದ ದಿನಾ ಸಂಜೆ ಅದೇ. ಮೈ ಬೆವರಿತು, ಹಸಿವಾಯಿತು, ತೊದಲು ಕಡಿಮೆಯಾಯಿತು. ತಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವುದನ್ನು ಎಷ್ಟೋ ಕಾಲದ ಮೇಲೆ ಕಂಡೆ. ದೇವರೇ, ಆಗ ಎಷ್ಟು ಸಂತೋಷವಾಗಿತ್ತು!

ಬರಬರುತ್ತಾ ನಕ್ಷತ್ರಗಳು ಸಾಲಾಗಿ ಬೀಳತೊಡಗಿದವು. ಅವನ ಎಡಗಾಲು ಇನ್ನೂ ನೆಲ ಗೀರುತ್ತಿತ್ತು. ನಾವೆಲ್ಲ ಕೈ ನೋಡಿ ಚಪ್ಪಾಳೆ ತಟ್ಟುತ್ತಿದ್ದೆವು.

ಮೆಣಸು ಹಣ್ಣಾಯಿತು. ಕೊಯ್ಯಲು ಬಂದ ಪುಟ್ಟರಾಜು ಬಳ್ಳಿ ಹರಿಯುತ್ತಾನೆ ಅಂತ ಉತ್ತಯ್ಯ ಜಗಲಿಯಿಂದಲೇ ಕೂಗಾಡುತ್ತಿದ್ದ. ಒಂದು ಬೆಳಿಗ್ಗೆ, "ನಾನೇ ಹತ್ತುವೆ. ಕಾಲ್ ಸರಿ ಆತ್" ಅಂದ.

"ಒಂದ್ಸಲ ಡಾಕ್ಟ್ರ ಹತ್ರ ಕೇಳನ" ಅಂದಳು ತಂಗಮ್ಮ.

"ಡಾಕ್ಟ್ರಿಗೆ ಹೆದರಿಸ್ದು ಮಾತ್ರ ಗೊತ್ತು. ನೀವು ನನ್ನ ಸಮಾಧಾನಕ್ಕೆ ಹೇಳುವಿರಿ. ಆ ನಕ್ಷತ್ರ ಕೊಡುವ ಮಿಷನಿಗೆ ನನ್ನ ಮೇಲೆ ಪ್ರೀತಿ ಉಟ್ಟಾ, ಸುಳ್ಳು ಹೇಳಕೆ?"

ತಂಗಮ್ಮ ಹಾಲು ಕರೆಯುವ ಚೆಂಬು ಎತ್ತಿಕೊಂಡಳು.

ಅವಳು ಕೊಟ್ಟಿಗೆ ಕಡೆ ಹೋದ ಹೊತ್ತು ನೋಡಿ ಉತ್ತಯ್ಯ ತೋಟಕ್ಕೆ ಇಳಿದ. ಪುಟ್ಟರಾಜು ಪಕ್ಕದ ಮರದ ಮೇಲಿದ್ದ. ನೋಡಿ ಕೂಗಿಕೊಂಡ, ಇಳಿದು ಬರುವಷ್ಟು ಹೊತ್ತಿರಲಿಲ್ಲ. ಉತ್ತಯ್ಯ ಬಲಗಾಲನ್ನೇ ಊರಿಕೊಂಡು, ಎಡಗಾಲನ್ನು ಎಳೆದುಕೊಂಡು, ನೆಟ್ಟಗೆ ಹತ್ತಿದನಂತೆ. ಮೇಲೆ ಹೋಗಿ ಮೆಣಸಿನ ಗೊಂಚಲಿಗೆ ಬಲಗೈ ಚಾಚಿದಾಗ ಮೈಭಾರವೆಲ್ಲ ಎಡಗಾಲಿಗೆ ಬಂತು. ಅದು ಗೆಣ್ಣಿನಿಂದ ಜಾರಿತು. ಕೆಳಗೆ ಕಲ್ಲಿತ್ತು.

ಬೆನ್ನುಮೂಳೆ ಮುರಿಯಿತು. ಮಂಗಳೂರಿನವರೆಗೂ ಒಯ್ದರು. ಈಗ ಅವನಿಗೆ ಸೊಂಟದಿಂದ ಕೆಳಗೆ ಗೊತ್ತೇ ಆಗುವುದಿಲ್ಲ. ಎತ್ತಿ ಒರೆಸುವುದು, ಮಗ್ಗುಲು ತಿರುಗಿಸುವುದು, ಎಲ್ಲಾ ತಂಗಮ್ಮನೇ. ಅವಳ ನಗು ಹೋದದ್ದು ಹೋಯಿತು.

ಅವನನ್ನು ಮನೆಗೆ ತಂದ ದಿನ ಮೋನಿಷಾ ಬಾಗಿಲ ಹಿಂದೆ ನಿಂತು ಬಿಕ್ಕುತ್ತಿದ್ದಳು. ಎಳೆದು ಕೂರಿಸಿಕೊಂಡು ಕೇಳಿದೆ.

"ಅದು ಕಾಲ್ ನೋಡ್ದೇ ಇಲ್ಲೆ ಅಜ್ಜಿ. ಕೈಲಿ ಹಿಡ್ದದ್ದು ಅಲ್ಲಾಡಿದ್ರೆ ಸಾಕು. ನಾ ಸೋಫಾದಲ್ಲಿ ಕೂತೇ ಆಡುವೆ. ಅಜ್ಜಂಗೂ ಗೊತ್ತುಟ್ಟು ಅಂತ..."

ಮಗುವನ್ನು ಎದೆಗೊತ್ತಿಕೊಂಡೆ. "ಪ್ರವೀಣ, ಆ ದರಿದ್ರವನ್ನು ಹೊಳೆಗೆ ಬಿಸಾಕು!" ಅಂತ ಕಿರುಚಿದೆ.

"ಬೇಡ" ಅಂದ ಉತ್ತಯ್ಯ, ಮಂಚದಿಂದ. ಅವನಿಗೆ ಎಲ್ಲಾ ಕೇಳಿಸಿತ್ತು. "ಟಿವಿಗೆ ಹಾಕು ಮಗಾ."

ಮೋನಿಷಾ ಹೆದರುತ್ತಲೇ ಹಾಕಿದಳು. ಆ ರಿಮೋಟನ್ನು ಅವನ ಬಲಗೈಗೆ ಕೊಟ್ಟಳು. ಅಂಗಾತ ಮಲಗಿದ್ದವನು ಟಿವಿಯನ್ನೇ ನೋಡುತ್ತಾ ಮದುವೆಮನೆಯಲ್ಲಿ ತಿರುಗಿಸುತ್ತಿದ್ದ ಹಾಗೆಯೇ ಮಣಿಕಟ್ಟು ತಿರುಗಿಸಿದ. ಹಾಡು ಮುಗಿಯುವವರೆಗೂ ನಿಲ್ಲಿಸಲಿಲ್ಲ. ನಕ್ಷತ್ರಗಳು ಸಾಲುಸಾಲಾಗಿ ಬಿದ್ದವು. ಒಂದೂ ಕಡಿಮೆಯಾಗಲಿಲ್ಲ.

ಅವನು ಕೈ ಇಳಿಸಿ ನನ್ನ ಕಡೆ ತಿರುಗಿದ.

"ನೋಡಕ್ಕ," ಅಂದ, "ನಿಂತಾಗ ಕೊಟ್ಟಷ್ಟೇ ಕೊಟ್ಟದೆ."