ಡಬ್ಬಕ್ಕೆ ಸುರಿದ ಅನ್ನ

ಗೋಡೆ ಬರೆಯುವುದರಲ್ಲಿ ನಮ್ಮ ಗೋಡೆರಾಯನನ್ನು ಮೀರಿಸುವವರಿಲ್ಲ. ಏಣಿಯ ಮೇಲೆ ನಿಂತನೆಂದರೆ ಆನೆಯೇರಿದ ಅರಸನೇ ಸೈ. ಕತ್ತಿಯ ಬದಲು ಕೈಯಲ್ಲಿ ಎರಡಂಗುಲದ ಬ್ರಷ್ಷು. ಭೇದಿ, ಮಲೇರಿಯ, ಹುಚ್ಚುನಾಯಿ, ಹೀಗೆ ಆರೋಗ್ಯ ಇಲಾಖೆಯ ಸಕಲ ಶತ್ರುಗಳನ್ನೂ ಮೂವತ್ತು ವರ್ಷದಿಂದ ನೀಲಿ ಬಣ್ಣದಲ್ಲೇ ಸದೆಬಡಿದಿದ್ದಾನೆ.

ಆ ವಾರದ ಶತ್ರು ಹೆಪಟೈಟಿಸ್ ಬಿ. ಬಸ್ ಡಿಪೋದ ಗೋಡೆಗೆ ಇಲಾಖೆ ಕೊಟ್ಟ ವಾಕ್ಯ: ‘ಸೋಂಕಿತರು ಮಾಡಿದ ಅಡುಗೆ ಉಂಡರೆ ಈ ರೋಗ ಹರಡುವುದಿಲ್ಲ.’ ಅದೇ ರೋಗ ಅವನ ಅಕ್ಕನ ರಕ್ತದಲ್ಲಿದೆಯೆಂದು ಎರಡು ತಿಂಗಳ ಹಿಂದೆ ಗೊತ್ತಾಗಿತ್ತು. ಹೆಂಡತಿ ತೀರಿಕೊಂಡಾಗಿನಿಂದ, ಅಂದರೆ ಒಂಬತ್ತು ವರ್ಷದಿಂದ, ಇವನ ಮಧ್ಯಾಹ್ನದ ಊಟ ಆ ಅಕ್ಕನ ಕೈಯದೇ.

ವಾಕ್ಯ ‘ಹರಡುವು’ ತನಕ ಬಂದಿತ್ತು. ಅಕ್ಕ ಬುತ್ತಿ ತಂದಳು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು.

“ಏನಾಯ್ತಕ್ಕ ಬೆರಳಿಗೆ?”

“ಸೌತೆಕಾಯಿ ಹೆಚ್ತಿದ್ದೆ, ಚಾಕು ತಾಗ್ತು. ನೀನು ಬಿಸಿ ಇರುವಾಗ್ಲೇ ಉಣ್ಣು. ನಾನು ಅಂಗಡಿಗೆ ಹೋಗ್ತೀನಿ.”

ನಮ್ಮ ಮಹಾವೀರ ಏಣಿಯಿಳಿದು ಬುತ್ತಿ ತೆರೆದ. ಸೌತೆಕಾಯಿಯ ಹೋಳುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು, ವಜ್ರದ ವ್ಯಾಪಾರಿಯಂತೆ ತಿರುಗಿಸಿ ನೋಡಿದ. ಕೆಂಪು ಎಲ್ಲೂ ಕಾಣಲಿಲ್ಲ. ಕಾಣದೇ ಇದ್ದದ್ದಕ್ಕೆ ಇನ್ನಷ್ಟು ಭಯವಾಯಿತು. ಆಚೀಚೆ ಕಣ್ಣು ಹಾಯಿಸಿ, ಇಡೀ ಊಟವನ್ನು ಬಣ್ಣದ ಖಾಲಿ ಡಬ್ಬಕ್ಕೆ ಸುರಿದು ಬಾಯಿ ಒರೆಸಿಕೊಂಡ. ಉಣ್ಣದ ಬಾಯಿಯನ್ನು ಯಾಕೆ ಒರೆಸಿಕೊಂಡನೋ ಅವನಿಗೇ ಗೊತ್ತಿಲ್ಲ.

ಚೀಲ ಮರೆತು ವಾಪಸ್ ಬಂದಿದ್ದ ಅಕ್ಕ ಬೆನ್ನ ಹಿಂದೆಯೇ ನಿಂತಿದ್ದಳು. ಡಬ್ಬ ನೋಡಿದಳು. ಗೋಡೆ ನೋಡಿದಳು.

“ಎಷ್ಟು ದಿನದಿಂದ ನಡೀತಿದೆ ಇದು?”

“ಇವತ್ತೊಂದೇ ದಿನ, ಅಕ್ಕ.”

ಹೇಳಿದ್ದು ನಿಜವೇ. ಆದರೆ ಅವನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

“ಗೋಡೆ ಮುಗ್ಸು. ಬಿಸಿಲೇರ್ತಿದೆ.”

ಬುತ್ತಿ ಎತ್ತಿಕೊಂಡು ಹೋದಳು. ಅವನು ಮತ್ತೆ ಏಣಿ ಹತ್ತಿ ‘ದಿಲ್ಲ’ ಬರೆದ. ಮೂವತ್ತು ವರ್ಷದಲ್ಲಿ ಒಂದು ಅಕ್ಷರವೂ ಸೊಟ್ಟಗಾಗದ ಕೈಯಿಂದ ಎರಡು ಅಕ್ಷರ ಸೊಟ್ಟಗೆ ಬಂದವು.

ಮರುದಿನ ಊಟ ಬರಲಿಲ್ಲ. ತಾನೇ ಹೋಗಿ, ಸೋತ ಸೈನ್ಯದ ಕೊನೆಯ ಕುದುರೆಯಂತೆ ಅಕ್ಕನ ಅಡುಗೆಮನೆಯಲ್ಲಿ ಕುಳಿತ. ಅಕ್ಕ ಒಂದು ಬನ್ನಿನ ಪೊಟ್ಟಣವನ್ನು ಬಿಚ್ಚದೆ ಹಾಗೇ ಮುಂದಿಟ್ಟಳು.

“ಅಂಗಡಿಯವ್ರೇ ಪ್ಯಾಕ್ ಮಾಡಿದ್ದು. ಒಳಗೆ ನನ್ನ ಕೈ ಸೋಕಿಲ್ಲ.”

“ಅನ್ನ ಇಲ್ವಾ, ಅಕ್ಕ?”

“ಇದೆ. ಉಣ್ಣೋರಿಗೆ.”

ಗೋಡೆರಾಯನ ಮುಖ ಕುತ್ತಿಗೆಯ ತನಕ ಕೆಂಪಾಯಿತು. ಎದ್ದು, ತಟ್ಟೆ ತೊಳೆದು, ಅನ್ನದ ಪಾತ್ರೆಯ ಮುಚ್ಚಳ ತೆಗೆದು ತಾನೇ ಬಡಿಸಿಕೊಂಡ. ಅಕ್ಕ ಬೇಡವೆನ್ನಲಿಲ್ಲ, ಸೌಟು ಮುಟ್ಟಲೂ ಇಲ್ಲ.