ಚಿನ್ನದ ಎಲೆ ಮತ್ತು ಲೋಬಾನದ ಹೊಗೆ

ಆ ಬೇಸಿಗೆಯಲ್ಲಿ ನನಗೆ ದಿನಾ ಸಂಜೆ ಸಿಟ್ಟು ನೆತ್ತಿಗೇರುತ್ತಿತ್ತು. ನಿಜಾಮರ ಕಾಲ. ಹೈದರಾಬಾದಿನ ಕಾಲೇಜಿನಿಂದ ಒಂದು ಹಿತ್ತಾಳೆ ಪೆಟ್ಟಿಗೆಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಲಿಂಗಸುಗೂರಿನವರೆಗೆ ಬಂದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಮಸ್ಕಿಗೆ ಇಳಿದಿದ್ದೆ. ಗುಡ್ಡದ ಕಲ್ಲುಗಳಿಂದ ಹೊರಡುವ, ಕಣ್ಣಿಗೆ ಕಾಣದ ಕಿರಣಗಳನ್ನು ಅಳೆದು ಪ್ರಬಂಧ ಬರೆಯಬೇಕಿತ್ತು.

ಪೆಟ್ಟಿಗೆಯೊಳಗೆ ಉಸಿರು ತಾಗಿದರೆ ನಡುಗುವಂಥ ಚಿನ್ನದ ಎಲೆ. ಸಾಲಾಗಿ ಜೋಡಿಸಿದ ಬ್ಯಾಟರಿಗಳಿಂದ ನೂರಾರು ವೋಲ್ಟು ಕೊಟ್ಟರೆ ಅದು ಮೇಲೆದ್ದು ನಿಲ್ಲುತ್ತದೆ. ಕೆಳಗೆ ಕಲ್ಲಿಟ್ಟರೆ, ಕಿರಣ ತಾಗಿದ ಗಾಳಿಯಲ್ಲಿ ವಿದ್ಯುತ್ತು ಚೂರೇ ಚೂರು ಸೋರಿ, ಎಲೆ ನಿಧಾನವಾಗಿ ಇಳಿಯುತ್ತದೆ. ಯಾವ ಮೀಟರಿಗೂ ಸಿಗದ ಆ ವಿದ್ಯುತ್ತನ್ನು ಎಲೆ ಇಳಿಯುವ ವೇಗದಿಂದಲೇ ತಿಳಿಯಬೇಕು. ಹತ್ತಿರ ಬೆಂಕಿಯಿದ್ದರೆ ಎಲ್ಲ ಒಮ್ಮೆಲೇ ಸೋರಿಹೋಗುತ್ತದೆಂದು ನಾನು ಬಾಡಿಗೆಗೆ ಹಿಡಿದಿದ್ದ ಕೋಣೆಗೆ ಕಂದೀಲನ್ನೂ ತರುತ್ತಿರಲಿಲ್ಲ. ಟಾರ್ಚಿನ ಬೆಳಕಿನಲ್ಲಿ ಮಸೂರಕ್ಕೆ ಕಣ್ಣು ಕೀಲಿಸಿ ಕೂರುತ್ತಿದ್ದೆ.

ಹಗಲೆಲ್ಲ ಎಲೆ ಹೇಳಿದ ಮಾತು ಕೇಳುತ್ತಿತ್ತು. ಹೊತ್ತು ಮುಳುಗಿತೋ, ದಬಕ್ಕನೆ ಬಿದ್ದುಬಿಡುತ್ತಿತ್ತು. ವಿದ್ಯುತ್ತು ಸೋರದಂತೆ ಎಲೆಯನ್ನು ಹಿಡಿದಿದ್ದ ಗಂಧಕದ ಬಿಲ್ಲೆಯನ್ನು ಒರೆಸಿದೆ, ತಂತಿ ಬದಲಿಸಿದೆ, ಬ್ಯಾಟರಿಗಳನ್ನು ಬಾಯಿಗೆ ಬಂದಂತೆ ಬೈದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು.

ಅಷ್ಟರಲ್ಲಿ ಸಿಂಧನೂರಿನ ನೆಂಟರ ಮನೆಗೆ ಬಂದಿದ್ದ ನಮ್ಮ ಪ್ರೊಫೆಸರ್ ಸಾಹೇಬರು ನನ್ನನ್ನು ನೋಡಲು ಬಂದರು.

"ಗಂಧಕ ಕೆಟ್ಟೈತಿ. ಇವತ್ತೂ ಹಿಂಗಾದ್ರ ಪೆಟ್ಟಿಗಿ ನನ್ನ ಕೂಡ ವಾಪಸ್ ಒಯ್ತೀನಿ" ಎಂದರು.

ಪೆಟ್ಟಿಗೆ ಹೋದರೆ ನನ್ನ ಪ್ರಬಂಧವೂ ಹೋದಂತೆಯೇ. ಸಂಜೆ ನಾನು ಮಸೂರಕ್ಕೆ ಕಣ್ಣಿಟ್ಟೆ, ಅವರು ಬಾಗಿಲಿಗೆ ಮುಖ ಮಾಡಿ ಕೂತರು. ಎಲೆ ಚೆನ್ನಾಗಿಯೇ ಇಳಿಯುತ್ತಿದ್ದದ್ದು ದಬಕ್ಕನೆ ಬಿತ್ತು.

"ಬಿತ್ತರೀ!" ಎಂದೆ, ಅಳು ಬಂದವನಂತೆ.

ಸಾಹೇಬರು ನನ್ನ ಬೆನ್ನ ಹಿಂದೆ ನೋಡುತ್ತಿದ್ದರು. "ಯಾರಪಾ ಇವರು?"

ತಿರುಗಿದರೆ ಮನೆಯೊಡತಿ, ಓಣಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ, ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಾಕುತ್ತ ನಿಂತಿದ್ದರು. ಸಂಜೆಯಾದರೆ ಅಲ್ಲಿ ಮನೆಮನೆಯಲ್ಲೂ ಲೋಬಾನ; ಆ ವಾಸನೆ ನನ್ನ ಮೂಗಿಗೆ ಲೆಕ್ಕಕ್ಕೇ ಇರಲಿಲ್ಲ.

"ಖಾಲಾ! ನನ್ನ ಪೆಟ್ಟಿಗಿಗೆ ಯಾಕ್ರೀ ಹೊಗಿ ಹಾಕಾಕತ್ತೀರಿ?" ಎಂದು ಕಿರುಚಿದೆ.

"ಪೆಟ್ಟಿಗಿಗೆ ಯಾರ್ ಹಾಕ್ತಾರ ಬೇಟಾ? ನಿನಗ! ಬಂದ ದಿನಾನೇ ಬ್ಯಾಟರಿ ಕೂಡ ಜಗಳ ಆಡಿದಿ. ಹೊತ್ತು ಮುಣಗಿದ್ರ ಸಾಕು, ಹುಚ್ಚರಂಗ ಒದರತಿ. ನಿನಗ ಯಾರದೋ ನಜರ್, ಕೆಟ್ಟ ಕಣ್ಣು ತಾಗೈತಿ. ಅದಕ್ಕ ದಿನಾ ಹಿಂದ ನಿಂತು ಹಾಕಿ ಹೋಗ್ತೀನಿ."

ಸಾಹೇಬರು ಕಣ್ಣಲ್ಲಿ ನೀರು ಬರುವವರೆಗೂ ನಕ್ಕರು. "ಗಂಧಕ ಬರೋಬ್ಬರಿ ಐತಿ" ಎಂದು ಪೆಟ್ಟಿಗೆಯನ್ನು ನನ್ನ ಬಳಿಯೇ ಬಿಟ್ಟು ಹೋದರು.

ಕೆಂಡ ಒಳಗೆ ತರಬೇಡಿ ಎಂದು ಖಾಲಾಗೆ ಕೈಮುಗಿದೆ. ಹಾಗಾದರೆ ನೀನೇ ದಿನಾ ಅಂಗಳಕ್ಕೆ ಬಂದು ಹೊಗೆ ಹಾಕಿಸಿಕೊಂಡು ಹೋಗು ಎಂದು ಹಟ ಹಿಡಿದರು. ಒಪ್ಪದೆ ವಿಧಿಯಿರಲಿಲ್ಲ. ಮರುದಿನದಿಂದ ಎಲೆ ಸಂಜೆಯೂ ನೆಟ್ಟಗೆ ಇಳಿಯಿತು, ನನ್ನ ಒದರಾಟವೂ ನಿಂತಿತು. ಹುಡುಗನ ನಜರ್ ತಮ್ಮ ಲೋಬಾನದಿಂದಲೇ ಇಳಿಯಿತೆಂದು ಖಾಲಾ ಓಣಿಗೆಲ್ಲ ಸಾರಿದರು. ಇಲ್ಲವೆನ್ನಲು ನನ್ನ ಹತ್ತಿರ ಯಾವ ಪುರಾವೆಯೂ ಇರಲಿಲ್ಲ.