ಬೇಡದಿದ್ದ ಒಂದು ಸಹಿ

ಬೇಸಿಗೆ ಬಂತೆಂದರೆ ವಿಶ್ವವಿದ್ಯಾಲಯ ಖಾಲಿ. ಓದುವುದೇ ಕಸುಬಾಗಿರುವ ಹುಡುಗ ಹುಡುಗಿಯರು ಗಂಟುಮೂಟೆ ಕಟ್ಟಿಕೊಂಡು ಮನೆಗೆ ಹೋಗುತ್ತಾರೆ, ಹಾಸ್ಟೆಲಿಗೆ ಬೀಗ ಬೀಳುತ್ತದೆ, ಕ್ಯಾಂಟೀನಿನವನು ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಏರಿಸಿ ಕೈತೊಳೆದುಕೊಳ್ಳುತ್ತಾನೆ. ಆಮೇಲೆ ಬರುವವರು ಅರೆಕಾಲಿಕರು. ಹೊಟ್ಟೆಪಾಡು ಮುಗಿಸಿ, ಉಳಿದ ಹೊತ್ತಿನಲ್ಲಿ, ಉಳಿದ ಮೈಯಲ್ಲಿ ಓದುವವರು. ಅವರಿಗೆ ಕೊಡುವ ಕೋಣೆಯೂ ಯಾರಿಗೂ ಬೇಡವಾದದ್ದೇ: ನಾಲ್ಕನೇ ಮಹಡಿ, ಮೇಲೆ ಕಾದ ತಾರಸಿ, ಇರುವ ಎರಡು ಫ್ಯಾನಿನಲ್ಲಿ ಒಂದು ತಿರುಗುತ್ತದೆ, ಇನ್ನೊಂದು ತಿರುಗುವ ಹಾಗೆ ಸದ್ದು ಮಾಡುತ್ತದೆ.

ಆ ಕೋಣೆಯ ಮೂರನೇ ಬೆಂಚಿನಲ್ಲಿ ಕೂರುತ್ತಿದ್ದವಳು ಕಾಲೇಜಕ್ಕ. ಇದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಜೊತೆಯವರು ಇಟ್ಟದ್ದು. ಬೆಳಿಗ್ಗೆ ಆರರಿಂದ ಎರಡರವರೆಗೆ ಅವಳು ಅಲ್ಲಿ ಹಾಸಿಗೆಯ ಚಾದರಗಳನ್ನು ಇಸ್ತ್ರಿ ಯಂತ್ರದ ಉರುಳೆಗಳ ನಡುವೆ ಬಿಡುತ್ತಿದ್ದಳು. ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ತುದಿ ಇನ್ನೊಬ್ಬಳ ಕೈಯಲ್ಲಿ. ಬ್ಲೀಚಿಂಗ್ ನೀರಿಗೆ ಬೆರಳ ತುದಿಗಳ ಚರ್ಮ ಸುಲಿದು, ಪೆನ್ನು ಹಿಡಿದರೆ ಉರಿಯುತ್ತಿತ್ತು. "ಏ ಕಾಲೇಜಕ್ಕ, ಡಿಗ್ರಿ ಆಮೇಲೆ ತಗೋ, ಮೊದಲು ಈ ತುದಿ ಹಿಡಿ" ಎಂದು ಅವರು ರೇಗಿಸುವುದು, ಇವಳು ನಗುವುದು, ಇದು ಎಂಟು ವರ್ಷದಿಂದ ನಡೆದುಬಂದಿತ್ತು.

ಎಂಟು ವರ್ಷ. ಅರೆಕಾಲಿಕರಿಗೆ ವಿಶ್ವವಿದ್ಯಾಲಯ ಕೊಡುವ ಗಡುವು ಅಷ್ಟೇ. ಈ ಬೇಸಿಗೆಯ ಆರು ವಾರದಲ್ಲಿ ಸಂಖ್ಯಾಶಾಸ್ತ್ರದ ಪೇಪರ್ ಪಾಸಾಗದಿದ್ದರೆ ಹಿಂದಿನದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಪಾಸಾದರೆ, ಅದೇ ಆಸ್ಪತ್ರೆಯ ಮೂರನೇ ಮಹಡಿಯ ದಾಖಲೆ ಕೋಣೆಯಲ್ಲಿ ಒಂದು ಜಾಗ ಖಾಲಿಯಿತ್ತು. ಅಲ್ಲಿ ಕಿಟಕಿಯಿದೆ, ಕುರ್ಚಿಯಿದೆ, ಕೈ ಒದ್ದೆಯಾಗುವುದಿಲ್ಲ. ಡಿಗ್ರಿ ಇದ್ದವರು ಮಾತ್ರ ಅರ್ಜಿ ಹಾಕಬಹುದು. ಮೂವತ್ತೆಂಟು ವರ್ಷದ ಹೆಂಗಸು ಬದುಕಿನಲ್ಲಿ ಕೇಳಿದ್ದು ಇಷ್ಟೇ, ಒಂದು ಕಿಟಕಿ. ಅದನ್ನೂ ಸಂಖ್ಯಾಶಾಸ್ತ್ರ ಎರಡು ಸಲ ಕಿತ್ತುಕೊಂಡಿತ್ತು.

"ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರಂತೆ. ಈಗ ಓದಿ ಯಾರನ್ನ ಉದ್ಧಾರ ಮಾಡ್ತೀಯೇ?" ಎನ್ನುತ್ತಿದ್ದಳು ತಾಯಿ. ಹೇಳುತ್ತಲೇ ಮಗಳ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದಳು.

ಬೆಂಚಿನ ಇನ್ನರ್ಧ ಕಂಡಕ್ಟರಣ್ಣನದು. ಐವತ್ತೇಳು ವರ್ಷದ ಬಸ್ ಕಂಡಕ್ಟರ್. ಎಂಟು ವರ್ಷದ ಹಿಂದೆ ದಾಖಲಾತಿಯ ಸಾಲಿನಲ್ಲಿ ಅವಳ ಹಿಂದೆಯೇ ನಿಂತಿದ್ದವರು. ಆ ಸಾಲಿನಲ್ಲಿ ನಿಂತವರೆಲ್ಲ ಒಬ್ಬೊಬ್ಬರಾಗಿ ಉದುರಿಹೋಗಿ ಕೊನೆಗೆ ಉಳಿದವರು ಇವರಿಬ್ಬರೇ. ಅವರದೂ ಇದೇ ಕೊನೆಯ ಪೇಪರ್. ಯಾಕೆ ಓದುತ್ತೀರಿ ಎಂದು ಯಾರಾದರೂ ಕೇಳಿದರೆ "ಹೊತ್ತು ಹೋಗಬೇಕಲ್ಲಪ್ಪ" ಎಂದು ತೇಲಿಸಿಬಿಡುತ್ತಿದ್ದರು. ಆದರೆ ಹೊತ್ತು ಕಳೆಯಲು ಓದುವವರು ನೋಟ್ಸನ್ನು ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಗೆರೆ ಹಾಕಿ ಶಾಯಿಯಲ್ಲಿ ತಿದ್ದಿ ಬರೆಯುವುದಿಲ್ಲ. ಒಮ್ಮೆ ಮಾತ್ರ ಬಾಯಿಬಿಟ್ಟಿದ್ದರು: "ನಿವೃತ್ತಿ ದಿನ ಹಾರ ಹಾಕಿ ಮಾತಾಡ್ತಾರಲ್ಲಮ್ಮ, ಆಗ ನನ್ನ ಹೆಸರಿನ ಜೊತೆ ಒಂದೆರಡು ಅಕ್ಷರ ಹೆಚ್ಚಿಗೆ ಓದಲಿ ಅಂತ." ಹೇಳಿ ನಾಚಿಕೊಂಡು, ಚೀಲದಲ್ಲಿ ಇಲ್ಲದ ಏನನ್ನೋ ಹುಡುಕಿದ್ದರು.

ಇನ್ನು ಲಾಂಡ್ರಿಯ ಒಂದು ರೀತಿ ಹೇಳಬೇಕು. ಬಾಗಿಲ ಬಳಿ ಹಲಗೆ, ಹಲಗೆಗೆ ಮೊಳೆಗಳು, ಮೊಳೆಗೊಂದು ನಂಬರಿನ ತಗಡಿನ ಬಿಲ್ಲೆ. ಬಂದವರು ತಮ್ಮ ಬಿಲ್ಲೆಯನ್ನು ಕೆಂಪು ಬದಿಯಿಂದ ಬಿಳಿ ಬದಿಗೆ ತಿರುಗಿಸಬೇಕು. ಯಾರದೋ ಮಗುವಿಗೆ ಜ್ವರ, ಯಾರಿಗೋ ಬಸ್ ತಪ್ಪಿತು, ಮೊದಲು ಬಂದವಳು ಸದ್ದಿಲ್ಲದೆ ಅವರ ಬಿಲ್ಲೆಯನ್ನೂ ತಿರುಗಿಸುತ್ತಾಳೆ. ಕೇಳುವಂತಿಲ್ಲ, ಆಮೇಲೆ ಹೇಳಿಕೊಳ್ಳುವಂತಿಲ್ಲ. ಮೇಸ್ತ್ರಿಗೆ ಗೊತ್ತು, ಅವನು ಎಣಿಸುವುದು ಚಾದರಗಳನ್ನು, ಜನರನ್ನಲ್ಲ. ಪಕ್ಕದವಳ ಬಿಲ್ಲೆ ಕೆಂಪಾಗಿ ನೇತಾಡುವುದನ್ನು ನೋಡಿಯೂ ಸುಮ್ಮನೆ ಹೋದವಳನ್ನು ಅಲ್ಲಿ ಮನುಷ್ಯಳೆಂದು ಯಾರೂ ಎಣಿಸುತ್ತಿರಲಿಲ್ಲ.

ಹದಿನೇಳನೆಯ ತರಗತಿಗೆ ಕಂಡಕ್ಟರಣ್ಣ ಬರಲಿಲ್ಲ. ಹಾಜರಿ ಹಾಳೆ ಬೆಂಚಿನಿಂದ ಬೆಂಚಿಗೆ ಬಂತು. ಕಾಲೇಜಕ್ಕ ತನ್ನ ಸಹಿ ಹಾಕಿದಳು. ಕೆಳಗಿನ ಸಾಲು ಖಾಲಿ ಇತ್ತು. ಅವಳು ಯೋಚಿಸಿದಳೆಂದು ಹೇಳಿದರೆ ಸುಳ್ಳಾಗುತ್ತದೆ. ಕೈ ತಾನಾಗಿ ಹೋಯಿತು. ಅವರ ಸಹಿ ಅವಳಿಗೆ ಎಂಟು ವರ್ಷದ ಪರಿಚಯ, ಒಂದು ದೊಡ್ಡ ಸುರುಳಿ, ಮುಂದೊಂದು ಗೆರೆ. ಹಾಕಿ ಹಾಳೆಯನ್ನು ಹಿಂದಕ್ಕೆ ಕೊಟ್ಟಳು. ಮನಸ್ಸಿಗೆ ಹಿತವೂ ಅನ್ನಿಸಿತು.

ಅವಳಿಗೆ ತಿಳಿಯದೇ ಇದ್ದದ್ದು ಬಸ್ ಡಿಪೋದ ರೀತಿ. ಅಲ್ಲಿ ಹೇಳದೆ ಕೇಳದೆ ಒಂದು ದಿನ ತಪ್ಪಿಸಿದರೆ ಬಸ್ಸೇ ಹೊರಡುವುದಿಲ್ಲ. ಆದ್ದರಿಂದ ರಜೆ ಚೀಟಿ ಮೊದಲು, ರಜೆ ಆಮೇಲೆ. ಹೆಂಡತಿಯ ಕಣ್ಣಿನ ಆಪರೇಷನ್ನಿಗೆ ಹೊರಟ ಕಂಡಕ್ಟರಣ್ಣ, ಆ ಬೆಳಿಗ್ಗೆಯೇ ವಿಭಾಗದ ಕಚೇರಿಯ ಪೆಟ್ಟಿಗೆಯಲ್ಲಿ ರಜೆ ಪತ್ರ ಹಾಕಿ ಹೋಗಿದ್ದರು, ತಾರೀಖು ಸಮೇತ. ಅರೆಕಾಲಿಕರಲ್ಲಿ ಹಾಗೆ ಪತ್ರ ಕೊಟ್ಟವರು ಅವರೊಬ್ಬರೇ ಇರಬೇಕು. ಇಪ್ಪತ್ತನಾಲ್ಕು ತರಗತಿಗಳಲ್ಲಿ ಆರು ತಪ್ಪಿಸಬಹುದಿತ್ತು, ಅವರು ತಪ್ಪಿಸಿದ್ದು ಅದೊಂದೇ. ಆ ಸಹಿ ಅವರಿಗೆ ಬೇಕಾಗಿಯೇ ಇರಲಿಲ್ಲ.

ಕೊನೆಯ ತರಗತಿಯ ದಿನ ಪಾಠದ ಮೇಡಂ, ಇವರಿಬ್ಬರಿಗಿಂತಲೂ ಚಿಕ್ಕ ವಯಸ್ಸಿನವಳು, ಲೆಕ್ಕ ಹಾಕಲು ಕೂತಾಗ ಒಂದೇ ತಾರೀಖಿನ ರಜೆ ಪತ್ರವೂ ಸಹಿಯೂ ಒಟ್ಟಿಗೆ ಸಿಕ್ಕವು. "ಬೇರೆಯವರ ಸಹಿ ಹಾಕೋದು, ಹಾಕಿಸ್ಕೊಳ್ಳೋದು, ಸಹಿ ಹಾಕಿ ಎದ್ದು ಹೋಗೋದು, ಮಾಡಿದವರ ಪೇಪರ್ ರದ್ದು. ನಾನೇನೂ ಮಾಡಕ್ಕಾಗಲ್ಲ. ನಾಳೆ ಹನ್ನೊಂದಕ್ಕೆ ಮುಖ್ಯಸ್ಥರ ರೂಮಿಗೆ ಬನ್ನಿ, ನೀವೂ, ನಿಮ್ಮ ಪಕ್ಕ ಕೂರೋ ಇವರೂ" ಎಂದಳು.

ಬಸ್ ನಿಲ್ದಾಣದ ಕಾದ ಕಲ್ಲಿನ ಮೇಲೆ ಕೂತು ಕಾಲೇಜಕ್ಕ ಎಲ್ಲ ಹೇಳಿದಳು.

ಕಂಡಕ್ಟರಣ್ಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ಯಾಕಮ್ಮ ಹಾಕಿದೆ? ನನಗೆ ಬೇಕಿರಲಿಲ್ಲವಲ್ಲ" ಎಂದರು. ಸಿಟ್ಟಿನಿಂದ ಕೇಳಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು.

"ನಾಳೆ ನಾನೇ ಹಾಕಿದ್ದು ಅಂತ ಹೇಳ್ತೀನಣ್ಣ. ನಿಮ್ಮ ತಪ್ಪೇನಿದೆ? ನಿಮ್ಮ ಪತ್ರ ಇದೆ. ನನ್ನದು ಹೋದರೆ ಹೋಗಲಿ."

"ನೋಡೋಣ ಬಿಡು, ಬೆಳಗಾಗಲಿ."

ಆ ದಿನ ಅವಳು ನಿಜವಾಗಿಯೂ ಹೇಳಬೇಕೆಂದೇ ಇದ್ದಳು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದವರು ನಂಬುವುದಿಲ್ಲ. ಮನೆಗೆ ಹೋಗಿ ತಾಯಿಗೆ ಕೂಡ, "ಈ ಸಲವೂ ಆಗಲಿಲ್ಲಮ್ಮ" ಎಂದು ಮುಂಚಿತವಾಗಿಯೇ ಹೇಳಿಟ್ಟಳು. ಎಂದೂ ಹಂಗಿಸದೆ ಬಿಡದ ತಾಯಿ ಅವತ್ತು ಒಂದು ಮಾತೂ ಆಡದೆ ಮಗಳ ಕೈ ಹಿಡಿದು, ಸುಲಿದ ಬೆರಳುಗಳಿಗೆ ಎಣ್ಣೆ ಸವರಿದಳು. ಅದೇ ಅವಳ ಗಟ್ಟಿತನವನ್ನು ಕರಗಿಸಿತೋ ಏನೋ.

ಮುಖ್ಯಸ್ಥರ ಕೋಣೆ ತಣ್ಣಗಿತ್ತು. ಮೇಜಿನ ಮೇಲೆ ಹಾಜರಿ ಹಾಳೆ, ಪಕ್ಕದಲ್ಲಿ ರಜೆ ಪತ್ರ. ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

"ಈ ಸಹಿ ಯಾರದು?"

ಕಾಲೇಜಕ್ಕ ಉಸಿರು ತೆಗೆದುಕೊಂಡಳು. ಆ ಒಂದು ಉಸಿರಿನ ಹೊತ್ತಿನಲ್ಲಿ ಕಂಡಕ್ಟರಣ್ಣ, "ನಂದೇ ಸಾರ್" ಎಂದುಬಿಟ್ಟರು. "ಚೀಟಿ ಹಾಕಿದ್ದೆ. ಆದರೂ ಹಾಜರಿ ಸಿಗಲಿ ಅಂತ ಆಸೆಗೆ ಬಿದ್ದು ಬಂದು ಸಹಿ ಹಾಕಿ, ಹಾಗೇ ಆಸ್ಪತ್ರೆಗೆ ಹೋದೆ. ತಪ್ಪಾಯ್ತು."

ಮುಖ್ಯಸ್ಥರು ಕನ್ನಡಕದ ಮೇಲಿಂದ ಅವಳನ್ನು ನೋಡಿದರು. "ನೀವು ಇವರ ಪಕ್ಕ ಕೂರೋರು. ಅವತ್ತು ಇವರು ಬಂದಿದ್ರಾ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ಕಂಡಕ್ಟರಣ್ಣ ಅವಳ ಕಡೆ ತಿರುಗಲಿಲ್ಲ, ಗೋಡೆಯ ಗಡಿಯಾರ ನೋಡುತ್ತಿದ್ದರು. ಅವಳಿಗೆ ಮೂರನೇ ಮಹಡಿಯ ಕಿಟಕಿ ಕಂಡಿತು.

"ಬಂದಿದ್ರು" ಎಂದಳು. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಸಹಿ ಹಾಕಿ, ಹಿಂದಿನ ಬಾಗಿಲಿಂದ ಹೋದ್ರು."

ಹಿಂದಿನ ಬಾಗಿಲಿನ ಮಾತನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ.

ಕಂಡಕ್ಟರಣ್ಣನ ಪೇಪರ್ ರದ್ದಾಯಿತು. ಹೊರಗೆ ಮೆಟ್ಟಿಲ ಮೇಲೆ ಅವಳು ಅತ್ತಳು. ಕಂಡಕ್ಟರಣ್ಣ ಚೀಲದಿಂದ ಶಾಯಿಯಲ್ಲಿ ಬರೆದ ಎರಡು ನೋಟ್‌ಬುಕ್ ತೆಗೆದು ಅವಳ ಕೈಗಿಟ್ಟರು. "ಅಳೋದೆಲ್ಲ ಪರೀಕ್ಷೆ ಆದ ಮೇಲೆ. ಇಬ್ಬರೂ ಮುಳುಗೋದಕ್ಕಿಂತ ಒಬ್ಬರಾದ್ರೂ ದಡ ಸೇರೋದು ಮೇಲು. ನನಗೇನು, ಹೊತ್ತು ಹೋಗೋಕೆ ಓದಿದ್ದು" ಎಂದು ಇಳಿದುಹೋದರು. ಹದಿನೇಳನೆಯ ತರಗತಿಯ ಪಾಠವೂ ಆ ಪುಸ್ತಕದಲ್ಲಿತ್ತು. ಅವಳ ನೋಟ್ಸನ್ನೇ ಕೇಳಿ ಪಡೆದು, ಗೆರೆ ಹಾಕಿ ಬರೆದುಕೊಂಡಿದ್ದರು.

ಅದನ್ನೇ ಓದಿ ಅವಳು ಪಾಸಾದಳು. ಬೇಕಾದ್ದಕ್ಕಿಂತ ಮೂರು ಅಂಕ ಜಾಸ್ತಿ. ಲಾಂಡ್ರಿಯವರು ಕುಣಿದಾಡಿದರು, ತಾಯಿ ಅಕ್ಕಪಕ್ಕದ ಮನೆಗಳಿಗೆಲ್ಲ ಸಾರಿದಳು. ಮೇಲಿನ ಕೆಲಸವೂ ಸಿಕ್ಕಿತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕಾಲೇಜಕ್ಕ ಕಿಟಕಿಯಾಚೆ ನೋಡುವುದನ್ನೇ ಬಿಟ್ಟಳು, ಯಾಕೆಂದರೆ ಕೆಳಗಡೆ ಬಸ್ಸುಗಳು ಹೋಗುತ್ತಿದ್ದವು. ಅವರ ಬಸ್ಸು ಬರುವ ಹೊತ್ತು ತಪ್ಪಿಸಿ, ಉರಿಬಿಸಿಲಿನಲ್ಲಿ ಅರ್ಧ ದಾರಿ ನಡೆದೇ ಮನೆಗೆ ಹೋಗುತ್ತಿದ್ದಳು. ಅವರ ಮನೆಗೆ ಹೋಗಿ ಕಾಲಿಗೆ ಬೀಳಬೇಕೆಂದು ವಾರಕ್ಕೆರಡು ಸಲ ಅಂದುಕೊಳ್ಳುವಳು. ಅಂದುಕೊಳ್ಳುವುದಕ್ಕೇನು, ಖರ್ಚಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಇವಳಿಗೆ ಬುದ್ಧಿ ಮೊದಲೂ ಇತ್ತು, ಆಮೇಲೂ ಇತ್ತು, ಬೇಕಾದ ಗಳಿಗೆಯಲ್ಲಿ ಬಾಯಿಗೆ ಬರಲಿಲ್ಲ ಅಷ್ಟೇ.

ಮುಂದಿನ ಬೇಸಿಗೆಯ ಕೊನೆಯ ವಾರ ತಾಯಿಗೆ ಮೈ ಸರಿಯಿಲ್ಲವೆಂದು ಅವಸರದಲ್ಲಿ, ಸಿಕ್ಕಿದ ಬಸ್ಸು ಹತ್ತಿದಳು. ಕಿಟಕಿಯ ಬಳಿ ಕೂತ ಮೇಲೆ ನೋಡಿದರೆ ಟಿಕೆಟ್ ಕೊಡುತ್ತ ಬರುತ್ತಿದ್ದವರು ಕಂಡಕ್ಟರಣ್ಣ. ಆ ದಾರಿಗೆ ಅವರನ್ನು ಹೊಸದಾಗಿ ಹಾಕಿದ್ದರಂತೆ.

ಮುಖ ಅರಳಿಸಿದರು. "ಏ ಡ್ರೈವರಪ್ಪ, ಇವರು ಯಾರು ಗೊತ್ತಾ? ನನ್ನ ಕ್ಲಾಸಿನವರು. ದುಡಿದು ಓದಿ ಡಿಗ್ರಿ ತಗೊಂಡಿದ್ದಾರೆ, ಈಗ ಆಸ್ಪತ್ರೆ ಆಫೀಸಲ್ಲಿ ಕೆಲಸ!"

ಬಸ್ಸಿನವರೆಲ್ಲ ತಿರುಗಿ ನೋಡಿದರು. ಡ್ರೈವರ್ ಕನ್ನಡಿಯಲ್ಲೇ ನಗುತ್ತ, "ಮತ್ತೆ ನೀವು? ಎಂಟು ವರ್ಷ ನೀವೂ ಮಣ್ಣು ಹೊತ್ತಿರಲ್ಲ, ನಿಮ್ಮದೇನಾಯ್ತು?" ಎಂದು ಕೂಗಿದ.

"ನಂದಾ? ನಾನು ಕ್ಲಾಸಿಗೆ ಚಕ್ಕರ್ ಹೊಡೆದು, ಕಳ್ಳ ಹಾಜರಿ ಹಾಕಿ ಸಿಕ್ಕಿಬಿದ್ದೆನಲ್ಲಪ್ಪ. ಈ ವಯಸ್ಸಲ್ಲಿ!"

ಬಸ್ಸಿಗೆ ಬಸ್ಸೇ ನಕ್ಕಿತು. ಒಬ್ಬ ಹುಡುಗಿಯಂತೂ ಬಾಯಿಗೆ ಕೈ ಅಡ್ಡ ಹಿಡಿದಳು. ಕಂಡಕ್ಟರಣ್ಣನೂ ನಗುತ್ತ ಚಿಲ್ಲರೆಗಾಗಿ ಚೀಲಕ್ಕೆ ಕೈಹಾಕಿದರು, ಮೇಲಕ್ಕೆ ನೋಡಲಿಲ್ಲ.

ಅಲ್ಲಿದ್ದವರೆಲ್ಲ ಮುಂದಿನ ಎರಡು ನಿಲ್ದಾಣದಲ್ಲಿ ಇಳಿದುಹೋಗುವ ಜನ. ಸತ್ಯ ಹೇಳಿದರೆ ಡಿಗ್ರಿ ಹೋಗುತ್ತಿರಲಿಲ್ಲ, ಕೆಲಸವೂ ಹೋಗುತ್ತಿರಲಿಲ್ಲ, ಮುಖ್ಯಸ್ಥರ ಕಿವಿಗೆ ಬೀಳುತ್ತಲೂ ಇರಲಿಲ್ಲ. ಕಾಲೇಜಕ್ಕ ಟಿಕೆಟ್ ತೆಗೆದುಕೊಂಡಳು. ಎಲ್ಲರೂ ನಗುತ್ತಿದ್ದಾರಲ್ಲ, ತಾನೊಬ್ಬಳು ನಗದಿದ್ದರೆ ಚೆನ್ನಾಗಿರುವುದಿಲ್ಲವೆಂದು ಅವಳೂ ಸ್ವಲ್ಪ ನಕ್ಕಳು.